ಮೊಸರಿನ ಪುಸ್ತಕದ ಫಾದರ್

ಸಿಂದಗಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಚರ್ಚಿಗೆ ಹೋಗುವ ಹತ್ತಿಪ್ಪತ್ತು ಮನೆಯವರಿಗೆ ಅವರು ಫಾದರ್. ಉಳಿದ ಊರಿಗೆಲ್ಲ ಫಾದರ್ ಸಾಹೇಬ್ರು. ಬಸ್ ಸ್ಟ್ಯಾಂಡಿನ ಹತ್ತಿರದ ನನ್ನ ಡಿಟಿಪಿ ಅಂಗಡಿಗೆ ಬರುವ ಗಿರಾಕಿಗಳಿಗೆ ಮಾತ್ರ ಮೊಸರಿನ ಪುಸ್ತಕದ ಫಾದರ್. ಆ ಹೆಸರಿಟ್ಟವನು ನಾನೇ. ಅವರಿಗೂ ಅದು ಗೊತ್ತಿತ್ತು.

ಕಳೆದ ತಿಂಗಳು ಮಂಗಳೂರಿನ ಕಡೆಯಿಂದ ಒಬ್ಬ ಸಿಸ್ಟರ್ ಫೋನ್ ಮಾಡಿ, ಅವರು ತೀರಿಕೊಂಡರು ಎಂದು ತಿಳಿಸಿದರು. ಆಗ ಅಂಗಡಿಯಲ್ಲಿ ಮಗಳ ಮದುವೆ ಕಾರ್ಡಿನ ಪ್ರೂಫ್ ನೋಡುತ್ತ ಕೂತಿದ್ದ ದೇವರ ಹಿಪ್ಪರಗಿಯ ಗಿರಾಕಿಯೊಬ್ಬರು ನನ್ನ ಮುಖ ನೋಡಿ, ಮನೆಯವರು ಯಾರಾದರೂ ಹೋದರೇನು ಎಂದು ಕೇಳಿದರು. ಹೌದು ಅಂದೆ. ಅವರು ಕಾರ್ಡನ್ನು ಮಡಚಿಟ್ಟು, ನಾಳೆ ಬರುತ್ತೇನೆ ಎಂದು ಎದ್ದು ಹೋದರು. ಆಮೇಲೆ ಯೋಚಿಸಿದೆ. ಅವರು ನನಗೆ ಏನಾಗಬೇಕಿತ್ತು? ಮಂಗಳೂರಿನ ಕಡೆಯ ಕೊಂಕಣಿ ಮಾತಿನ ಕ್ರೈಸ್ತ ಗುರು ಅವರು. ನಾನು ಸಿಂದಗಿಯ ಸಾಬರ ಮನೆಯವನು. ಅವರ ಪುಸ್ತಕವನ್ನು ಟೈಪ್ ಮಾಡಿಕೊಟ್ಟವನು, ಅಷ್ಟೇ. ಆದರೂ ಬಾಯಿಂದ ಬಂದದ್ದು ಹೌದು ಎಂಬ ಮಾತೇ.

ಅವರು ಮೊದಲು ಬಂದ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾವುದೋ ನೌಕರಿಗೆ ಅರ್ಜಿ ಹಾಕುವ ಕೊನೆಯ ದಿನ ಅದು. ಬಿಳಿ ಕೂದಲು, ಅರ್ಧ ತೋಳಿನ ಅಂಗಿ, ಕಂಕುಳಲ್ಲಿ ರಟ್ಟಿನ ಫೈಲು. ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಫೈಲು ಮೇಜಿನ ಮೇಲಿಟ್ಟು, “ಸ್ವಲ್ಪ ಟೈಪಿಂಗ್ ಉಂಟು” ಅಂದರು. ಬಿಚ್ಚಿ ನೋಡಿದರೆ ಮುನ್ನೂರು ಪುಟಕ್ಕೆ ಕಡಿಮೆಯಿಲ್ಲದ ಕೈಬರಹ. ಮೊದಲ ಪುಟದಲ್ಲಿ ‘ಮೊಸರಾಬಿಕ್ ಗಾಯನ’ ಎಂದಿತ್ತು. ನಾನು ಮೊಸರು ಮಾಡುವ ಬಗೆಯ ಪುಸ್ತಕವೇನ್ರಿ ಎಂದು ಕೇಳಿಬಿಟ್ಟೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವರೂ ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೆಸರು ಅಂದಿನಿಂದ ಅಂಟಿಕೊಂಡಿತು.

ಆ ಪುಸ್ತಕ ಮುಗಿಯಲು ಮೂರು ವರ್ಷ ಹಿಡಿಯಿತು. ವಾರಕ್ಕೆ ಎರಡು ಸಲ ಮಧ್ಯಾಹ್ನ, ಗಿರಾಕಿ ಕಡಿಮೆಯಿರುವ ಹೊತ್ತು ನೋಡಿ ಹಳೆಯ ಸ್ಕೂಟರಿನಲ್ಲಿ ಬರುತ್ತಿದ್ದರು. ನನ್ನ ಪಕ್ಕ ಒಂದು ಸ್ಟೂಲು ಎಳೆದುಕೊಂಡು ಕೂತು ಒಂದೊಂದೇ ಸಾಲು ತಿದ್ದಿಸುತ್ತಿದ್ದರು. ಅವರ ಕನ್ನಡ ಪುಸ್ತಕದ ಕನ್ನಡ. ನಾನು ಅರ್ಥವಾಗದ ಕಡೆ ಬೆರಳಿಟ್ಟರೆ ಹಟ ಮಾಡದೆ ಬದಲಿಸುತ್ತಿದ್ದರು. ನಿಮಗೆ ತಿಳಿಯದಿದ್ದರೆ ತಪ್ಪು ನನ್ನದು ಅನ್ನುತ್ತಿದ್ದರು. ನಮ್ಮ ಮಾತು ಕಲಿಯುವ ಆಸೆ ಬಹಳ. ‘ಐತಿ’ ಅಂದಮೇಲೆ ಮರೆತು ‘ಉಂಟು’ ಅನ್ನುವರು. ರೊಟ್ಟಿಯ ಜೊತೆ ಖಾರದ ಶೇಂಗಾ ಹಿಂಡಿ ತಿಂದು ಬಿಕ್ಕಳಿಸುತ್ತಲೇ, “ಭಾಳ ಛಲೋ ಐತಿ ಮಾರಾಯ್ರೆ” ಅನ್ನುವರು.

ಟೈಪ್ ಮಾಡುತ್ತ ಮಾಡುತ್ತ ಆ ಪುಸ್ತಕದ ಕಥೆ ನನ್ನ ತಲೆಯಲ್ಲೂ ಕೂತಿತು. ಬಹಳ ಹಿಂದೆ ಕ್ರೈಸ್ತರ ದೇವಾಲಯಗಳಲ್ಲಿ ವಾದ್ಯವಿಲ್ಲದೆ, ಎಲ್ಲರೂ ಒಂದೇ ಧಾಟಿಯಲ್ಲಿ ಪ್ರಾರ್ಥನೆ ಹಾಡುತ್ತಿದ್ದರಂತೆ. ಎಲ್ಲ ಕಡೆಯೂ ಒಂದೇ ಹಾಡಲ್ಲ. ರೋಮಿನವರದು ಒಂದು ಬಗೆ, ಮಿಲಾನಿನವರದು ಒಂದು, ಸ್ಪೇನಿನವರದು ಇನ್ನೊಂದು. ಆ ಸ್ಪೇನಿನ ಹಾಡೇ ಇವರ ಪುಸ್ತಕದ ವಿಷಯ. ಆ ದೇಶದ ಬಹುಭಾಗದಲ್ಲಿ ಮುಸ್ಲಿಂ ಅರಸರ ಆಳ್ವಿಕೆ ಬಂದಮೇಲೂ ಅಲ್ಲಿನ ಕ್ರೈಸ್ತರು ಅರಬರ ಮಾತು, ಉಡುಪು ಕಲಿತು, ತಮ್ಮ ಹಾಡನ್ನು ಮಾತ್ರ ಹಾಗೇ ಉಳಿಸಿಕೊಂಡರು. ಅರಬರಂತಾದವರು ಎಂಬ ಅರ್ಥದಲ್ಲಿ ಅವರಿಗೆ ಮೊಸರಾಬ್ ಎಂಬ ಹೆಸರು ಬಂತು. ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಟೊಲೆಡೊ ಎಂಬ ನಗರದಲ್ಲಿ ಅದು ನಡೆಯಿತು. ಆಮೇಲೆ ಕ್ರೈಸ್ತ ರಾಜನೇ ಆ ನಗರ ಗೆದ್ದ. ಎಲ್ಲ ಕಡೆ ರೋಮಿನ ಕ್ರಮವೇ ಇರಬೇಕು ಎಂದು ಪೋಪರ ಒತ್ತಾಯ, ರಾಜನ ಒಪ್ಪಿಗೆ. ಟೊಲೆಡೊದ ಕೆಲವೇ ದೇವಾಲಯಗಳನ್ನು ಬಿಟ್ಟು ಉಳಿದೆಡೆ ಹಳೆಯ ಹಾಡು ನಿಂತುಹೋಯಿತು.

ಈ ಭಾಗ ಟೈಪ್ ಮಾಡುವಾಗ ನಾನು ಕೈ ನಿಲ್ಲಿಸಿ, ನಿಮ್ಮವರ ತಪ್ಪನ್ನು ನೀವೇ ಬರೆಯುತ್ತೀರಲ್ಲ ಎಂದು ಕೇಳಿದ್ದೆ. ನಡೆದದ್ದು ಹಾಗೆ, ಬೇರೆ ಹೇಗೆ ಬರೆಯಲಿ ಅಂದರು. ಒಬ್ಬ ಪಾದ್ರಿ ಅದನ್ನು ಸಾಬರ ಅಂಗಡಿಯಲ್ಲಿ ಕೂತು ಬರೆಸುತ್ತಿದ್ದಾನಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಗಿತ್ತು. ಅವರಿಗೆ ಅದು ದೊಡ್ಡ ಮಾತೇ ಅಲ್ಲ.

ಆ ಹಾಡುಗಳು ಪೂರ್ತಿ ಅಳಿದೂ ಇಲ್ಲ, ಉಳಿದೂ ಇಲ್ಲ. ಚರ್ಮದ ಹಾಳೆಯ ಹಳೆಯ ಪುಸ್ತಕಗಳಲ್ಲಿ ಸಾವಿರಾರು ಹಾಡುಗಳಿವೆ. ಪದಗಳ ಮೇಲೆ ಸಣ್ಣ ಸಣ್ಣ ಗೆರೆ, ಕೊಕ್ಕೆ, ಚುಕ್ಕೆ. ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದಕ್ಕೆ ಆ ಗುರುತು. ಎಷ್ಟು ಏರಬೇಕು, ಯಾವ ಸ್ವರಕ್ಕೆ ಇಳಿಯಬೇಕು ಎಂಬುದು ಅದರಲ್ಲಿಲ್ಲ. ಧಾಟಿ ಬಾಯಲ್ಲಿ ಇದ್ದವನಿಗೆ ನೆನಪು ಮಾಡಿಕೊಡಲಿಕ್ಕೆ ಮಾತ್ರ ಅದು ಸಾಕು. ಹಾಡುತ್ತಿದ್ದವರು ಸತ್ತರು, ಅವರ ಹತ್ತಿರ ಕಲಿತವರೂ ಸತ್ತರು. ಸ್ವರ ತೋರಿಸುವ ಹೊಸ ಬಗೆಯ ಬರವಣಿಗೆಯಲ್ಲಿ ಯಾರೋ ಬರೆದಿಟ್ಟ ಇಪ್ಪತ್ತು ಚಿಲ್ಲರೆ ಹಾಡು ಬಿಟ್ಟರೆ, ಉಳಿದದ್ದನ್ನು ಇವತ್ತು ಭೂಮಿಯ ಮೇಲೆ ಯಾರೂ ಓದಲಾರರು.

ಓದಲಾರರು ಎಂಬುದನ್ನು ಅವರ ಮನಸ್ಸು ಒಪ್ಪಿರಲಿಲ್ಲ. ಪುಸ್ತಕದ ಕೊನೆಗೆ ನಲವತ್ತು ಪುಟದ ಒಂದು ಅಧ್ಯಾಯವಿತ್ತು. ಅದರಲ್ಲಿ ಹನ್ನೊಂದು ಹಾಡುಗಳಿಗೆ ಅವರೇ ಧಾಟಿ ಕಂಡುಹಿಡಿದಿದ್ದರು. ಗೆರೆಗಳನ್ನು ಹೋಲಿಸಿ, ಲೆಕ್ಕ ಹಾಕಿ, ಹೀಗೇ ಇದ್ದಿರಬೇಕು ಎಂದು ಸ, ರಿ, ಗ, ಮದಲ್ಲಿ ಬರೆದಿದ್ದರು. ಮೇಲಿನ ಸ್ಥಾಯಿಯ ಚುಕ್ಕೆಗಳನ್ನು ಅಕ್ಷರದ ತಲೆಯ ಮೇಲೆ ಕೂರಿಸುವಷ್ಟರಲ್ಲಿ ನನ್ನ ಮೂರು ತಿಂಗಳು ಹೋದವು. ಪ್ರಿಂಟ್ ತೆಗೆದರೆ ಚುಕ್ಕೆ ಪಕ್ಕದ ಅಕ್ಷರಕ್ಕೆ ಹಾರಿರುತ್ತಿತ್ತು. ಭಾನುವಾರ ಚರ್ಚಿನಲ್ಲಿ ಅವರು ಅದೇ ಧಾಟಿಗಳನ್ನು ಹಾಡುತ್ತಿದ್ದರು. ಜನಕ್ಕೆ ಅದು ಉದ್ದ ಅನಿಸುತ್ತಿತ್ತು. ಭಜನೆಯ ಹಾಗೆ ತಾಳ ಹಾಕಲು ಬರುತ್ತಿರಲಿಲ್ಲ. ಮುದುಕಿಯೊಬ್ಬಳು ಅವರ ಮುಖಕ್ಕೇ, ಕುರಿ ಹೊಡೆದುಕೊಂಡು ಹೋದ ಹಾಗೆ ಕೇಳುತ್ತದೆ ಅಂದಿದ್ದಳಂತೆ. ಅದನ್ನು ನನಗೆ ಹೇಳಿ, ಒಳ್ಳೆಯ ವಿಮರ್ಶೆ ಅಂದಿದ್ದರು. ಪುಸ್ತಕ ಮುಗಿಯುತ್ತ ಬಂದ ವರ್ಷದ ಕೊನೆಗೆ ಬೆಂಗಳೂರಿನಲ್ಲಿ ವಿದ್ವಾಂಸರ ಒಂದು ಸಭೆಯಿತ್ತು. ಅಲ್ಲಿ ಆ ಹನ್ನೊಂದು ಹಾಡುಗಳನ್ನು ಹಾಡಿಸಲು ಒಂದು ಮೇಳವೂ ತಯಾರಾಗುತ್ತಿತ್ತು. ಅವರು ಇಡೀ ಜೀವನದಲ್ಲಿ ತಮಗಾಗಿ ಆಸೆಪಟ್ಟದ್ದು ಅದೊಂದನ್ನೇ ಎಂದು ನನಗನಿಸುತ್ತದೆ.

ಒಂದು ದಿನ ಆ ಹಳೆಯ ಹಾಳೆಗಳ ಚಿತ್ರವನ್ನು ಪುಟಕ್ಕೆ ಕೂರಿಸುತ್ತಿದ್ದಾಗ, ನಮ್ಮ ಅಬ್ಬಾನ ವಹಿಯಲ್ಲೂ ಇಂಥವೇ ಗೆರೆಗಳಿವೆ ಎಂದು ಬಾಯಿಬಿಟ್ಟೆ. ನಮ್ಮ ಅಬ್ಬಾ ಮೊಹರಂನಲ್ಲಿ ರಿವಾಯತ ಪದ ಹಾಡುವ ಮೇಳದ ಮುಂದಾಳು. ಕರ್ಬಲಾದ ದುಃಖದ ಕಥೆಯನ್ನು ನಮ್ಮ ಕನ್ನಡದಲ್ಲೇ ಕಟ್ಟಿದ ಪದಗಳು ಅವು. ಲೆಕ್ಕದ ಪುಸ್ತಕದಂಥ ಒಂದು ಉದ್ದ ವಹಿಯಲ್ಲಿ ಪದಗಳನ್ನು ಬರೆದು, ಮೇಲೆ ಕೆಂಪು ಶಾಯಿಯಲ್ಲಿ ಗೆರೆ, ಕೊಕ್ಕೆ ಹಾಕುತ್ತಿದ್ದ. ಯಾಕೆ ಎಂದು ನಾನು ಎಂದೂ ಕೇಳಲಿಲ್ಲ. ಅಬ್ಬಾ ಹೋಗಿ ಆಗ ಒಂಬತ್ತು ವರ್ಷವಾಗಿತ್ತು.

ಫಾದರ್ ಸ್ಟೂಲಿನಿಂದ ಎದ್ದು ನಿಂತರು. ಮರುದಿನ ವಹಿ ತಂದುಕೊಟ್ಟೆ. ಭೂತಗನ್ನಡಿ ಹಿಡಿದು ಎರಡು ವಾರ ಅದರಲ್ಲೇ ಮುಳುಗಿದರು. ಏರುಗೆರೆ ಅಂದರೆ ದನಿ ಏರಬೇಕು, ಕೊಕ್ಕೆ ಅಂದರೆ ಇಳಿಯಬೇಕು ಎಂದು ಲೆಕ್ಕ ಹಾಕಿ, ಒಂದು ಪದಕ್ಕೆ ಧಾಟಿ ಕೂರಿಸಿ, ನಮ್ಮ ಮನೆಗೇ ಬಂದು ಅಮ್ಮನ ಮುಂದೆ ಹಾಡಿದರು. ಅವರ ದನಿ ಚೆನ್ನಾಗಿತ್ತು. ಅಮ್ಮ ಮೊದಲು ಸೆರಗು ಬಾಯಿಗೆ ಹಿಡಿದು ನಗು ತಡೆದಳು. ಆಮೇಲೆ ಅವಳ ಕಣ್ಣು ತುಂಬಿತು.

“ಅವರು ಹಿಂಗ ಹಾಡತಿದ್ದಿಲ್ರಿ. ಹೆಂಗ ಹಾಡತಿದ್ರು ಅನ್ನೂದು ನನಗ ಹಾಡಿ ತೋರಸಾಕ ಬರೂದಿಲ್ಲ. ಆದ್ರ ಇದು ಅಲ್ರಿ. ದೇವಣಗಾಂವದ ಬೀರಪ್ಪಗ ಕೇಳ್ರಿ, ಅವಗ ಗೊತ್ತೈತಿ.”

ಬೀರಪ್ಪ ಯಾರು ಎಂದು ಅವರು ನನ್ನತ್ತ ತಿರುಗಿದರು. ನಾನು ನೆಲ ನೋಡಿದೆ.

ಬೀರಪ್ಪ ಕಾಕಾ ಕುರಿ ಸಾಕುವ ಮನೆತನದವನು. ನಲವತ್ತು ವರ್ಷ ಅಬ್ಬಾನ ಪಕ್ಕ ನಿಂತು ಹಿಮ್ಮೇಳ ಹಾಡಿದವನು. ಅಬ್ಬಾ ತೀರಿಕೊಂಡದ್ದು ಬೆಳಿಗ್ಗೆ, ಮಣ್ಣು ಮಾಡಿದ್ದು ಸಂಜೆಗೆ ಮುಂಚೆ. ದೇವಣಗಾಂವಕ್ಕೆ ಯಾರನ್ನಾದರೂ ಕಳಿಸಬೇಕು ಎಂಬುದು ನನ್ನ ತಲೆಯಲ್ಲಿ ಬಂದಿತ್ತು. ಬಂದೂ ಬಿಟ್ಟುಬಿಟ್ಟೆ. ಆಮೇಲೆ ಅವನು ನಮ್ಮ ಮನೆಗೆ ಬರಲಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಎದುರಾದಾಗ ಮುಖ ತಿರುಗಿಸಿ ಹೋದ. ಇದನ್ನೆಲ್ಲ ಫಾದರಿಗೆ ಹೇಳಿದೆ. ಅವರು ಉಪದೇಶ ಮಾಡಬಹುದು ಅಂದುಕೊಂಡಿದ್ದೆ. ಆದರೆ ಭಾನುವಾರ ಪೂಜೆ ಮುಗಿಸಿಕೊಂಡು ನೇರ ನಮ್ಮ ಮನೆಯ ಮುಂದೆ ಬಂದು ಸ್ಕೂಟರ್ ನಿಲ್ಲಿಸಿದರು. ವಹಿ ತೆಗೆದುಕೊಳ್ಳಿ, ಹತ್ತಿ ಅಂದರು.

ಕಾಕಾ ಹಟ್ಟಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಕಂಬಳಿಯ ಅಂಚು ಹೊಲಿಯುತ್ತಿದ್ದ. ನನ್ನನ್ನು ನೋಡಿದ. ಹೊಲಿಗೆ ನಿಲ್ಲಿಸಲಿಲ್ಲ. ಫಾದರ್ ಸ್ಕೂಟರ್ ಹತ್ತಿರವೇ ಉಳಿದರು. ನಾನು ಹೋಗಿ ಅವನ ಎದುರು ನೆಲದ ಮೇಲೆ ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ಬರಲಿಲ್ಲ. ತಪ್ಪಾಯಿತು ಕಾಕಾ ಅಂದೆ, ಅಷ್ಟೇ.

“ಮೂರು ದಿನದ ಮ್ಯಾಲೆ ಹಿಪ್ಪರಗಿ ಸಂತ್ಯಾಗ ನನಗ ಗೊತ್ತಾತು,” ಅಂದ ಕಾಕಾ. “ಉಳ್ಳಾಗಡ್ಡಿ ಮಾರಾಂವ ಹೇಳಿದ. ನಿಮ್ಮ ಸಾಬ ಹೋದನಂತಲ್ಲ, ನೀ ಮಣ್ಣಿಗೆ ಹೋಗಿದ್ದೇನು ಅಂತ ಕೇಳಿದ. ನಾ ಅವಗ ಏನ ಹೇಳ್ಲಿ?”

ಕಾಕಾ ಬಹಳ ಹೊತ್ತು ಸೂಜಿ ಆಡಿಸಿದ. ಆಮೇಲೆ ಸೊಸೆಯನ್ನು ಕೂಗಿ, ಸಿಂದಗಿಯವರು ಬಂದಿದ್ದಾರೆ, ಚಹಾ ಇಡು ಅಂದ. ಸ್ಕೂಟರ್ ಹತ್ತಿರ ನಿಂತವರು ಯಾರು, ಅವರನ್ನೂ ಬಿಸಿಲಲ್ಲಿ ಯಾಕೆ ನಿಲ್ಲಿಸಿದ್ದೀ ಎಂದು ನನಗೇ ಗದರಿಸಿದ. ಆ ಗದರಿಕೆ ಕೇಳಿ ನನಗೆ ಉಸಿರು ಬಂತು.

ಚಹಾ ಆದಮೇಲೆ ಫಾದರ್ ವಹಿ ಬಿಚ್ಚಿದರು. ಕಾಕಾನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಓದುತ್ತ ಹೋದೆ. ಮೊದಲ ಏರುಗೆರೆ ಬಂದಲ್ಲಿ ಫಾದರ್ ಬೆರಳಿಟ್ಟು, ಇಲ್ಲಿ ದನಿ ಏರುತ್ತದೆ ಅಲ್ಲವೇ ಎಂದು ಕೇಳಿದರು. ಕಾಕಾ ಇಲ್ಲವೆಂದು ತಲೆಯಾಡಿಸಿದ.

“ಏರೂದೂ ಇಲ್ಲ, ಇಳಿಯೂದೂ ಇಲ್ರಿ. ಅಲ್ಲೆ ಅವ ಬಿಡತಿದ್ದ, ನಾ ಹಿಡೀತಿದ್ನಿ. ಅವಗ ದಮ್ಮಿನ ಬ್ಯಾನಿ ಇತ್ತು. ಪೂರಾ ಸಾಲು ಒಬ್ಬಾಂವಗ ಎಳೀಲಿಕ್ಕೆ ಆಗ್ತಿದ್ದಿಲ್ಲ. ಎಲ್ಲೆಲ್ಲೆ ಬಿಡಬೇಕು ಅನ್ನೂದು ಬರಕೊಂಡಾನ. ಮಂದಿಗೆ ತಿಳೀಬಾರದು ಅಂತ ಇತ್ತು ಅವಗ.”

ನಮ್ಮ ಅಬ್ಬಾನಿಗೆ ದಮ್ಮು ಕಟ್ಟುತ್ತಿತ್ತು ಎಂಬುದು ಮನೆಯವರಿಗೆ ಗೊತ್ತಿತ್ತು. ಹಾಡುವಾಗಲೂ ಕಟ್ಟುತ್ತಿತ್ತು, ಅದನ್ನು ಇನ್ನೊಬ್ಬನ ದನಿ ನಲವತ್ತು ವರ್ಷ ಮುಚ್ಚಿತ್ತು ಎಂಬುದು ಗೊತ್ತಿರಲಿಲ್ಲ. ಕಾಕಾ ಕಣ್ಣು ಮುಚ್ಚಿ ಆ ಪದ ಹಾಡಿದ. ಅಬ್ಬಾ ಹಾಡಬೇಕಾದ ಕಡೆ ನಾನು ಬರೀ ಓದಿದೆ. ಗೆರೆ ಬಂದಲ್ಲಿ ನಿಲ್ಲಿಸಿದೆ, ಅವನು ಹಿಡಿದ. ಫಾದರ್ ಅದನ್ನೇ ಮೂರು ಸಲ ಹಾಡಿಸಿದರು. ಅವರು ಕೂರಿಸಿದ್ದ ಧಾಟಿಗೂ ಇದಕ್ಕೂ ಒಂದು ಸ್ವರದ ಹೋಲಿಕೆಯೂ ಇರಲಿಲ್ಲ. ಅವರು ಬಿಟ್ಟ ಕಣ್ಣು ಬಿಟ್ಟ ಹಾಗೇ ಕೇಳುತ್ತಿದ್ದರು. ವಾಪಸು ಬರುವಾಗ ಸಿಂದಗಿ ಮುಟ್ಟುವವರೆಗೂ ನಾನು ಹಿಂದೆ ಕೂತು ಅಳುತ್ತ ಬಂದೆ.

ಆಮೇಲೆ ಎರಡು ವಾರ ಅವರು ಅಂಗಡಿಗೆ ಬರಲಿಲ್ಲ. ಬಂದಾಗ ಸ್ಟೂಲಿನ ಮೇಲೆ ಕೂರದೆ ನಿಂತೇ, ಕೊನೆಯ ಅಧ್ಯಾಯ ಅಳಿಸಿಬಿಡಿ ಅಂದರು. ನನಗೆ ಮೊದಲು ಅರ್ಥವಾಗಲಿಲ್ಲ. ಹನ್ನೊಂದು ಹಾಡಿನ ನಲವತ್ತು ಪುಟ, ಪೂರ್ತಿ. ನಾನು ಸಿಟ್ಟಾದೆ. ಮೂರು ತಿಂಗಳು ಚುಕ್ಕೆ ಕೂರಿಸಿದವನು ನಾನು. ಬೆಂಗಳೂರಿನ ಸಭೆಯ ಗತಿ ಏನು ಎಂದು ಕೇಳಿದೆ. ಬರುವುದಿಲ್ಲ ಎಂದು ಪತ್ರ ಬರೆದು ಹಾಕಿಯೇ ಬಂದಿದ್ದರು.

“ಅಲ್ರಿ ಫಾದರ್, ನಮ್ಮ ವಹಿದು ಬ್ಯಾರೆ, ನಿಮ್ಮ ಪುಸ್ತಕದ್ದು ಬ್ಯಾರೆ. ಆ ಸ್ಪೇನಿನವರು ಹಾಕಿದ್ದು ಧಾಟಿ ಗುರುತೇ ಅಂತ ನೀವ ಬರದೀರಿ.”

“ಅದು ಧಾಟಿಯ ಗುರುತೇ, ಸಂಶಯ ಇಲ್ಲ. ಆದರೆ ಒಂಬತ್ತು ವರ್ಷದ ಹಿಂದೆ ತೀರಿಕೊಂಡ ಮನುಷ್ಯನ ಧಾಟಿ ನನಗೆ ಸಿಕ್ಕಲಿಲ್ಲ. ಅವರ ಹೆಂಡತಿ ಎದುರು ಕೂತು ಅಲ್ಲ ಅಂದರು. ಟೊಲೆಡೊದವರ ಪರವಾಗಿ ಅಲ್ಲ ಅನ್ನಲಿಕ್ಕೆ ಯಾರಿದ್ದಾರೆ? ಯಾರೂ ಇಲ್ಲ ಅಂತ ನಾನು ಏನು ಬೇಕಾದರೂ ಹಾಡುವುದಾ?”

ಅಧ್ಯಾಯದ ಜಾಗದಲ್ಲಿ ಅವರು ಅಲ್ಲೇ ನಿಂತು ಬರೆಸಿದ್ದು ಒಂದು ಪುಟ. ಈ ಹಾಡುಗಳ ಧಾಟಿ ಇಂದು ಯಾರಿಗೂ ತಿಳಿಯದು, ಈ ಪುಸ್ತಕ ಬರೆದವನಿಗೂ ತಿಳಿಯದು ಎಂದು ಅದು ಶುರುವಾಗುತ್ತದೆ. ಬರೆಸುವಾಗ ಅವರ ದನಿ ಎಂದಿನಂತೆಯೇ ಇತ್ತು. ಆದರೆ ಮುಗಿಸಿ ಹೊರಗೆ ಹೋದವರು ಸ್ಕೂಟರಿನ ಕೀಲಿಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು, ನಡೆದುಕೊಂಡೇ ಚರ್ಚಿನ ಕಡೆ ಹೋಗಿಬಿಟ್ಟಿದ್ದರು.

ಪುಸ್ತಕ ಅಚ್ಚಾಗಿ ಬಂತು. ಚರ್ಚಿನ ಅಂಗಳದಲ್ಲಿ ಶಾಮಿಯಾನ ಹಾಕಿ ಬಿಡುಗಡೆ ಮಾಡಿದರು. ದೊಡ್ಡ ವಿದ್ವಾಂಸರು ಯಾರೂ ಬರಲಿಲ್ಲ. ಬಿಡುಗಡೆ ಮಾಡಿದವನು ಬೀರಪ್ಪ ಕಾಕಾ. ಹಸಿರು ರುಮಾಲು ಸುತ್ತಿಕೊಂಡು ಬಂದು, ಪುಸ್ತಕ ಕೈಗೆ ತೆಗೆದುಕೊಂಡು, ಇದರಲ್ಲಿ ನನ್ನ ಹೆಸರು ಎಲ್ಲಿದೆ ಎಂದು ಎಲ್ಲರ ಮುಂದೆಯೇ ಕೇಳಿದ. ಫಾದರ್ ಆ ಒಂದು ಪುಟ ತೆಗೆದು ಅವನ ಬೆರಳು ಹಿಡಿದು ಆ ಸಾಲಿನ ಮೇಲಿಟ್ಟರು. ಪಕ್ಕದಲ್ಲೇ ನಮ್ಮ ಅಬ್ಬಾನ ಹೆಸರೂ ಇದೆ ಎಂದು ಹೇಳಿದಾಗ ಕಾಕಾ ಬೆರಳು ತೆಗೆಯಲಿಲ್ಲ. ಸಭೆ ಹಾಗೇ ಕಾದಿತ್ತು. ಆ ವರ್ಷದ ಮೊಹರಂನಲ್ಲಿ ಕಾಕಾ ನಮ್ಮ ಓಣಿಗೆ ಬಂದು ಹಾಡಿದ. ನನಗೆ ದನಿ ಇಲ್ಲ. ಆದರೂ ವಹಿ ಹಿಡಿದು ಪಕ್ಕದಲ್ಲಿ ನಿಂತೆ.

ಮಾರನೆಯ ವರ್ಷ ಫಾದರಿಗೆ ವಯಸ್ಸಾಯಿತೆಂದು ಮಂಗಳೂರಿನ ಕಡೆ ಕರೆಸಿಕೊಂಡರು. ನಿವೃತ್ತ ಗುರುಗಳೆಲ್ಲ ಒಟ್ಟಿಗೆ ಇರುವ ಮನೆಯಂತೆ. ಹೋಗುವ ದಿನ ಸ್ಟೂಲಿನ ಮೇಲೆ ಐದು ನಿಮಿಷ ಕೂತು, ಏನೂ ತಿದ್ದಿಸದೆ ಎದ್ದು ಹೋದರು. ಆಗಾಗ ಫೋನ್ ಬರುತ್ತಿತ್ತು. ಮೊದಲು ಕೇಳುತ್ತಿದ್ದುದು ಅಮ್ಮನನ್ನು, ಆಮೇಲೆ ಕಾಕಾನನ್ನು, ಆಮೇಲೆ ತೊಗರಿ ಹೇಗೆ ಬಂದಿದೆ ಎಂದು.

ಈ ವರ್ಷದ ಆರಂಭದಲ್ಲಿ ಫೋನಿನಲ್ಲಿ ಅವರ ದನಿ ತೆಳುವಾದದ್ದು ಗೊತ್ತಾಗಿ, ಸಜ್ಜಿ ರೊಟ್ಟಿ ಕಟ್ಟಿಸಿಕೊಂಡು ಹೋದೆ. ಬೆಳಿಗ್ಗೆ ಮುಟ್ಟಿದಾಗ ವರಾಂಡದಲ್ಲಿ ಬಿಸಿಲಿಗೆ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಪಕ್ಕದ ಕುರ್ಚಿಯಲ್ಲಿ ಅವರಿಗಿಂತ ಹಿರಿಯರಾದ ಇನ್ನೊಬ್ಬ ಗುರುಗಳು. ರೊಟ್ಟಿ ಮುರಿದು ಅವರಿಗೂ ಕೊಟ್ಟು, ಇವರು ನನ್ನ ಪುಸ್ತಕದ ಅರ್ಧ ಲೇಖಕರು ಎಂದು ನನ್ನ ಪರಿಚಯ ಮಾಡಿಸಿದರು. ಆ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ.

“ಫಾದರ್, ನನ್ನಿಂದ ಒಂದು ತಪ್ಪಾಗೇತ್ರಿ. ಆ ನಲವತ್ತು ಪುಟ ನಾ ಅಳಿಸಿಲ್ಲ. ಪುಸ್ತಕದಾಗಿಂದ ತಗದೇನಿ, ಕಂಪ್ಯೂಟರದಾಗ ಹಂಗ ಐತಿ.”

ಅವರು ಕಣ್ಣು ಮುಚ್ಚಿದರು. ಬೇಸರವಾಯಿತೇನೋ ಎಂದು ನಾನು ಕೈ ಹಿಡಿಯಲು ಹೋದೆ. ನೋಡಿದರೆ ಭುಜ ಅಲುಗುತ್ತಿತ್ತು. ನಗುತ್ತಿದ್ದರು.

“ನನ್ನ ಕೈಯಿಂದಲೂ ಅಳಿಸಲಿಕ್ಕೆ ಆಗಲಿಲ್ಲ ಮಾರಾಯ್ರೆ. ದಿನಾ ಬೆಳಿಗ್ಗೆ ಸ್ನಾನ ಮಾಡುವಾಗ ಅದೇ ಬಾಯಿಗೆ ಬರುತ್ತದೆ.”

ಹಾಗೆಂದು, ಕುರ್ಚಿಯ ಕೈಗೆ ಎರಡು ಬೆರಳು ಊರಿ, ಸಣ್ಣ ದನಿಯಲ್ಲಿ ಹಾಡಿದರು. ಸಿಂದಗಿಯ ಚರ್ಚಿನ ಕಿಟಕಿಯಿಂದ ಎಷ್ಟೋ ಭಾನುವಾರ ಕೇಳಿದ್ದೆ. ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಉದ್ದವಾದ, ಎಲ್ಲೂ ಅವಸರವಿಲ್ಲದ ಧಾಟಿ. ಹಿರಿಯ ಗುರುಗಳು ರೊಟ್ಟಿ ತಿನ್ನುವುದನ್ನು ನಿಲ್ಲಿಸಿ ಕಿವಿಗೊಟ್ಟರು. ಇದು ಬಹಳ ಹಳೆಯದು ಇರಬೇಕಲ್ಲ ಫಾದರ್, ಯಾವ ದೇಶದ್ದು ಎಂದು ಕೇಳಿದರು.

“ಹಳೆಯದಲ್ಲ,” ಅಂದರು ಅವರು. “ಸಿಂದಗಿಯದ್ದು. ನಾನೇ ಕಟ್ಟಿದ್ದು.”

ಹೇಳಿ, ಮುಂದಿನ ಸಾಲು ಎತ್ತಿಕೊಂಡರು.